ಡಿಸೈನರ್‌ಗಳಿಗಾಗಿ ಆನ್‌ಲೈನ್ ಕಾರ್ಯಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ಶುರು ಮಾಡಿದ ಕೆಲಸ ಇದು. ಗ್ರಾಫಿಕ್ ಡಿಸೈನ್, ಅಕ್ಷರ ವಿನ್ಯಾಸ, ಜವಳಿ, ಕರಕುಶಲ, ಆ್ಯಪ್ ಡಿಸೈನ್ ಮಾಡುವ ಕನ್ನಡದವರನ್ನು ಅಂದಿನಿಂದ ಆಗಾಗ ಪರದೆಯ ಮೇಲೆ ಸೇರಿಸುತ್ತಾ ಬಂದಿದ್ದೇವೆ. ಈಗ ತಾವೂ ಇಂಥದ್ದು ನಡೆಸಬೇಕೆಂದಿರುವ ಕಾಲೇಜು ಮೇಷ್ಟ್ರು, ಸ್ಟುಡಿಯೊದವರು, ನೇಕಾರರ ಸಂಘದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹೇಳಿದ್ದನ್ನೇ ಹೇಳಿ ಹೇಳಿ, ಕೊನೆಗೆ ಬರೆದೇ ಇಟ್ಟುಬಿಡೋಣ ಅನ್ನಿಸಿತು.

ಹಾಲ್‌ನಲ್ಲಿ ಮಾಡುವ ಕಾರ್ಯಕ್ರಮವನ್ನೇ ಕ್ಯಾಮೆರಾ ಇಟ್ಟು ಮಾಡಿದರೆ ಸಾಲದೇ?

ಸಾಲದು. ಸ್ವಾಗತ, ಪ್ರಾರ್ಥನೆ, ದೀಪ ಬೆಳಗುವುದು, ಅತಿಥಿ ಪರಿಚಯ ಎಂದು ಮೊದಲ 25 ನಿಮಿಷ ಕಳೆದರೆ ಹಾಲ್‌ನಲ್ಲಿ ಕೂತವರು ಎದ್ದು ಹೋಗಲು ಸಂಕೋಚಪಡುತ್ತಾರೆ. ಮೊಬೈಲ್ ಹಿಡಿದವರಿಗೆ ಆ ಸಂಕೋಚವಿಲ್ಲ, ಹೆಬ್ಬೆರಳು ಸರಿಸಿದರೆ ಮುಗಿಯಿತು.

2020ರಲ್ಲಿ ಡಿಸೈನ್ ಲೋಕಕ್ಕೆ ಲೋಕವೇ ಇದನ್ನು ಒಮ್ಮೆಲೇ ಕಲಿಯಬೇಕಾಯಿತು. ಮಿಲಾನ್‌ನ ಪೀಠೋಪಕರಣ ಮೇಳ ಸಲೋನೆ ದೆಲ್ ಮೊಬಿಲೆ ಆ ವರ್ಷ ರದ್ದಾಯಿತು. ಡಿಸೈನ್ ತಂತ್ರಾಂಶದ ಕಂಪನಿ ಅಡೋಬಿಯ ವಾರ್ಷಿಕ ಸಮ್ಮೇಳನ ಅಡೋಬಿ ಮ್ಯಾಕ್ಸ್ ಪೂರ್ತಿ ಆನ್‌ಲೈನ್ ಆಯಿತು, ಪ್ರವೇಶವೂ ಉಚಿತವಾಯಿತು. ಅಕ್ಷರ ವಿನ್ಯಾಸಕಾರರ ಅಂತರರಾಷ್ಟ್ರೀಯ ಸಂಘ ಎಟೈಪ್‌ಐ (ATypI) ತನ್ನ ವಾರ್ಷಿಕ ಸಮ್ಮೇಳನವನ್ನು ಪರದೆಯ ಮೇಲೆ ನಡೆಸಿತು. ನಮ್ಮಲ್ಲಿ 2021ರ ಜನವರಿಯ ಬೆಂಗಳೂರಿನ ಚಿತ್ರಸಂತೆ ಕುಮಾರಕೃಪಾ ರಸ್ತೆ ಬಿಟ್ಟು ವೆಬ್‌ಸೈಟಿಗೆ ಬಂತು.

ಅಲ್ಲಿ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು: ಜನಜಂಗುಳಿ, ಚೌಕಾಸಿ, ಗುರುತಿನವರು ಎದುರಾಗುವುದು. ಸಿಕ್ಕಿದ್ದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಾಲ್‌ನ ಹದಿನೈದನೇ ಸಾಲಿನಲ್ಲಿ ಕೂತವರಿಗೆ ಕಸೂತಿಯ ಒಂದು ಹೊಲಿಗೆ ಎಂದೂ ಕಾಣುತ್ತಿರಲಿಲ್ಲ, ಪರದೆಯಲ್ಲಿ ಕಾಣುತ್ತದೆ. ಈ ಒಂದು ಅನುಕೂಲದ ಸುತ್ತ ಕಾರ್ಯಕ್ರಮ ಕಟ್ಟಿ. ಹತ್ತಿರದಿಂದ ತೋರಿಸಲು ನಿಮ್ಮಲ್ಲಿ ಏನೂ ಇಲ್ಲವೆಂದರೆ ಹಾಲ್ ಬಾಡಿಗೆಗೆ ಹಿಡಿಯುವುದೇ ವಾಸಿ.

ಮೂರು ಆಯಾಮದ ವರ್ಚುವಲ್ ಸಭಾಂಗಣ, ಗೊಂಬೆ ರೂಪದಲ್ಲಿ ಓಡಾಡುವ ಸಭಿಕರು, ಇದೆಲ್ಲ ಬೇಕಾ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬೇಡ.

ಒಟ್ಟು ಎಷ್ಟು ಹೊತ್ತು ಇರಬೇಕು?

ಒಬ್ಬರದೇ ಉಪನ್ಯಾಸವಾದರೆ 75 ನಿಮಿಷ ನಮಗೆ ಒಗ್ಗಿದೆ: 35 ನಿಮಿಷ ಮಾತು, 15 ನಿಮಿಷ ಏನಾದರೂ ಮಾಡಿ ತೋರಿಸುವುದು, ಉಳಿದದ್ದು ಪ್ರಶ್ನೆಗಳಿಗೆ. ಕಾರ್ಯಾಗಾರವಾದರೆ ಎರಡು ಗಂಟೆ, ನಡುವೆ ಹತ್ತು ನಿಮಿಷ ಕಾಫಿಗೆ. ಇಡೀ ದಿನದ ಸಮ್ಮೇಳನ ಮಾಡಲೇಬೇಕೆಂದಿದ್ದರೆ ಅದನ್ನು ನಾಲ್ಕು ಶನಿವಾರಗಳಿಗೆ ಹಂಚಿ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಕೇಳುವ ಡಿಸೈನರನ್ನು ನಾನಿನ್ನೂ ಕಂಡಿಲ್ಲ. ಕೂತಂತೆ ಕಂಡರೆ, ಇನ್ನೊಂದು ಕಿಟಕಿಯಲ್ಲಿ ಕ್ಲೈಂಟಿನ ಕೆಲಸ ನಡೆದಿರುತ್ತದೆ.

ಯಾವ ವಾರ, ಯಾವ ಸಮಯ?

ಕರ್ನಾಟಕದವರು ಮಾತ್ರ ಎಂದಾದರೆ ಶನಿವಾರ ಬೆಳಗ್ಗೆ 11 ಅಥವಾ ವಾರದ ದಿನ ಸಂಜೆ 7. ಹೊರದೇಶದ ಕನ್ನಡಿಗರೂ ಬರಬೇಕೆಂದರೆ ಶನಿವಾರ ರಾತ್ರಿ 8 ಚೆನ್ನಾಗಿ ಹೊಂದುತ್ತದೆ. ಆಗ ಬೇಸಿಗೆಯಲ್ಲಿ ಲಂಡನ್‌ನಲ್ಲಿ ಮಧ್ಯಾಹ್ನ 3.30, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 10.30, ಕ್ಯಾಲಿಫೋರ್ನಿಯಾದಲ್ಲಿ 7.30. ಸಿಂಗಪುರದವರಿಗೆ ಮಾತ್ರ ರಾತ್ರಿ 10.30 ಆಗಿರುತ್ತದೆ, ಪಾಪ.

ಅಮೆರಿಕದವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿರುಗಿಸುತ್ತಾರೆ, ಯುರೋಪಿನವರು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ. ನಾವು ತಿರುಗಿಸುವುದಿಲ್ಲ. ಅದನ್ನು ಮರೆತು ಹಾಕಿದ ಒಂದು ಪೋಸ್ಟರ್‌ನಿಂದಾಗಿ ನಮ್ಮ ಭಾಷಣಕಾರರೊಬ್ಬರು ಒಂದು ಗಂಟೆ ತಡವಾಗಿ ಬಂದರು, ತಪ್ಪು ಪೂರ್ತಿ ನಮ್ಮದೇ. ಅಂದಿನಿಂದ ಪೋಸ್ಟರ್ ಮೇಲೆ ಊರು ಊರಿನ ಸಮಯವನ್ನೂ ಬರೆಯುತ್ತೇವೆ.

ದಿನಾಂಕ ಗಟ್ಟಿ ಮಾಡುವ ಮೊದಲು ಪಂಚಾಂಗದ ಜೊತೆ ಐಪಿಎಲ್ ವೇಳಾಪಟ್ಟಿಯನ್ನೂ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಆರ್‌ಸಿಬಿ ಆಡುವ ಸಂಜೆ ಅಕ್ಷರ ವಿನ್ಯಾಸದ ಮಾತು ಕೇಳಲು ಬರುವವರು ನೀವು ಮತ್ತು ಭಾಷಣಕಾರರು, ಇಬ್ಬರೇ.

ಝೂಮ್, ಮೀಟ್, ಯೂಟ್ಯೂಬ್ ಪೈಕಿ ಯಾವುದು?

ಮೂರಕ್ಕೂ ಬೇರೆ ಬೇರೆ ಉಪಯೋಗ. ಮಾತುಕತೆ, ಕಾರ್ಯಾಗಾರ, ಪೋರ್ಟ್‌ಫೋಲಿಯೊ ನೋಡುವುದು, ಇವಕ್ಕೆ ಝೂಮ್ ಅಥವಾ ಮೀಟ್. ಝೂಮ್‌ನ ಉಚಿತ ಖಾತೆಯಲ್ಲಿ 100 ಜನ, 40 ನಿಮಿಷ. ಮೀಟ್‌ನ ಉಚಿತ ಖಾತೆಯಲ್ಲಿ 100 ಜನ, ಮೂರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ. ನಲವತ್ತನೇ ನಿಮಿಷಕ್ಕೆ ಕಡಿದುಹೋಗಿ ಮತ್ತೆ ಎಲ್ಲರನ್ನೂ ಒಳಗೆ ಕರೆಯುವುದಿದೆಯಲ್ಲ, ಅದು ಮದುವೆ ಊಟದ ನಡುವೆ ಪಂಕ್ತಿ ಎಬ್ಬಿಸಿದ ಹಾಗೆ. ಒಂದು ತಿಂಗಳ ಚಂದಾ ಕಟ್ಟಿ, ಸಾಲು ಕಾರ್ಯಕ್ರಮಗಳನ್ನೆಲ್ಲ ಅದೇ ತಿಂಗಳಲ್ಲಿ ಮುಗಿಸಿಕೊಳ್ಳುವುದು ಬಡ ಸಂಘಗಳು ಕಂಡುಕೊಂಡ ಉಪಾಯ.

ಕೇಳುವವರು ನೂರಾರು ಮಂದಿ, ಮಾತಾಡುವವರು ಇಬ್ಬರು ಮೂವರು ಎಂದಾದರೆ ಯೂಟ್ಯೂಬ್ ಲೈವ್. ಇಲ್ಲೊಂದು ಗುಂಡಿಯಿದೆ, ಪ್ರತಿ ವರ್ಷ ಯಾರಾದರೂ ಬೀಳುತ್ತಾರೆ: ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಶುರು ಮಾಡಲು ಅನುಮತಿ ಕೇಳಿದ ಮೇಲೆ ಅದು ಸಿಗಲು 24 ಗಂಟೆವರೆಗೆ ಹಿಡಿಯಬಹುದು. ಕಾರ್ಯಕ್ರಮದ ಬೆಳಗ್ಗೆ ಚಾನೆಲ್ ತೆರೆದು ಸಂಜೆ ಲೈವ್ ಹೋಗುತ್ತೇನೆ ಅಂದರೆ ಆಗದು. ಇನ್ನೊಂದು, ಯೂಟ್ಯೂಬ್‌ನಲ್ಲಿ ನೀವು ಆಡಿದ ಮಾತು ನೋಡುಗರಿಗೆ ತಲುಪಲು ಕೆಲವು ಸೆಕೆಂಡು ಬೇಕು. "ಏನಾದರೂ ಪ್ರಶ್ನೆ ಇದೆಯಾ?" ಎಂದು ಕೇಳಿ ಐದು ಸೆಕೆಂಡಿಗೆ "ಇಲ್ಲ ಅನ್ಸತ್ತೆ" ಎನ್ನಬೇಡಿ. ನಿಮ್ಮ ಪ್ರಶ್ನೆ ಅವರಿಗಿನ್ನೂ ಕೇಳಿಸಿಯೇ ಇಲ್ಲ.

ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂದು ದೂರು ಬರುತ್ತದೆ. ಏನು ಮಾಡುವುದು?

ಡಿಸೈನರ್‌ಗಳ ಕಾರ್ಯಕ್ರಮಕ್ಕೂ ಬೇರೆಯವರ ಕಾರ್ಯಕ್ರಮಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಬ್ಯಾಂಕಿನವರ ವೆಬಿನಾರ್‌ನಲ್ಲಿ ನೀಲಿ ಸ್ವಲ್ಪ ಹಸಿರಾದರೆ ಯಾರಿಗೂ ನಷ್ಟವಿಲ್ಲ. ನಮ್ಮಲ್ಲಿ ಬಣ್ಣದ್ದೇ ಮಾತು.

ಮೊದಲು ಕಾರಣ ತಿಳಿದುಕೊಳ್ಳಿ. ವಿಡಿಯೊ ಕಳಿಸುವ ತಂತ್ರಾಂಶಗಳು ಗಾತ್ರ ಉಳಿಸಲು ಬೆಳಕನ್ನು ಪ್ರತಿ ಚುಕ್ಕಿಗೂ ದಾಖಲಿಸುತ್ತವೆ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ. ತಾಂತ್ರಿಕರು ಇದನ್ನು 4:2:0 ಎನ್ನುತ್ತಾರೆ. ಹಾಗಾಗಿ ಕಪ್ಪು ಹಿನ್ನೆಲೆಯ ಮೇಲೆ ತೆಳುವಾದ ಕೆಂಪು ಅಕ್ಷರ ಬರೆದರೆ ಅಂಚು ಕದಡಿ ಹೋಗುತ್ತದೆ, ಅದೇ ಅಕ್ಷರ ಬಿಳಿಯಾಗಿದ್ದರೆ ಸ್ಫುಟವಾಗಿ ಕಾಣುತ್ತದೆ. ಇನ್ನು ನುಣುಪಾದ ಬಣ್ಣದಿಳಿತ ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ. ಇದು ನಿಮ್ಮ ಸ್ಲೈಡಿನ ತಪ್ಪಲ್ಲ, ದಾರಿಯಲ್ಲಿ ಆದ ಪೆಟ್ಟು.

ಒಮ್ಮೆ ಇಳಕಲ್ ಸೀರೆಗಳ ಬಗ್ಗೆ ಮಾತು ಇಟ್ಟಿದ್ದೆವು. ಟೋಪಿ ತೆನೆ ಸೆರಗಿನ ಕೆಂಪು ಮತ್ತು ಬಿಳಿ ಒಂದಕ್ಕೊಂದು ಹಲ್ಲು ಕಚ್ಚಿದ ಹಾಗೆ ಕೂರುವ ಜಾಗವನ್ನು ಕ್ಯಾಮೆರಾ ಮುಂದೆ ಹಿಡಿದರೆ, ಕೆಂಪೆಲ್ಲ ಗುಲಾಬಿಯಾಗಿ ಹಲ್ಲುಗಳೇ ಮಾಯ. ಚಿಕ್ಕ ಚೌಕುಳಿಯ ಮೈಯಲ್ಲಂತೂ ಇಲ್ಲದ ಅಲೆ ಅಲೆ ವಿನ್ಯಾಸವೊಂದು ಓಡಾಡತೊಡಗಿತು. ನೋಡುತ್ತಿದ್ದವರೊಬ್ಬರು ಅದನ್ನೂ ನೇಯ್ಗೆಯ ಚಮತ್ಕಾರ ಎಂದುಕೊಂಡು ಹೊಗಳಿಬಿಟ್ಟರು! ಅದು ನೂಲಿನ ಸಾಲಿಗೂ ಕ್ಯಾಮೆರಾದ ಚುಕ್ಕಿ ಸಾಲಿಗೂ ತಿಕ್ಕಾಟವಾದಾಗ ಹುಟ್ಟುವ ಭ್ರಮೆ. ಕ್ಯಾಮೆರಾವನ್ನು ಒಂದು ಗೇಣು ಮುಂದೆ ತಂದರೆ ಅಥವಾ ಬಟ್ಟೆಯನ್ನು ಕೊಂಚ ಓರೆ ಮಾಡಿದರೆ ಹೋಗುತ್ತದೆ. ನಿರೂಪಕರಿಗೂ ಅಷ್ಟೇ, ಸಣ್ಣ ಗೆರೆಯ ಅಂಗಿ ಬೇಡ.

ಆ ದಿನದ ಪಾಠದಿಂದ ಈಗ ಮಾಡುವುದು ಇಷ್ಟು. ವಸ್ತುವಿನ ಪಕ್ಕ ಸದಾ ಒಂದು ಬಿಳಿ ಕಾಗದ ಇಡುತ್ತೇವೆ, ನೋಡುವವರ ಕಣ್ಣು ಅದರ ಆಧಾರದ ಮೇಲೆ ಬಣ್ಣ ಅಂದಾಜು ಮಾಡಿಕೊಳ್ಳುತ್ತದೆ. ಕಿಟಕಿ ಬೆಳಕು ಅಥವಾ ಲೈಟು, ಎರಡರಲ್ಲಿ ಒಂದೇ. ಎರಡೂ ಬೆರೆತರೆ ಅರ್ಧ ಸೀರೆ ಹಳದಿ, ಅರ್ಧ ನೀಲಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ಆಟೋದಲ್ಲಿ ಬಿಡದೆ ಬೀಗ ಹಾಕುತ್ತೇವೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಕ್ಯಾಮೆರಾ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟಿನ ಮಿನುಗಾಟ ತಪ್ಪುತ್ತದೆ. ಅಮೆರಿಕದ ಯಾವುದಾದರೂ ವಿಡಿಯೊ ನೋಡಿ 1/60 ಇಟ್ಟವರು ನಮಗೆ ಫೋನ್ ಮಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ನೋಡುಗರ ಮೊಬೈಲಿನಲ್ಲಿ ರಾತ್ರಿಯ ಹಳದಿ ಪರದೆ ಹಾಕಿದ್ದರೆ ನೀವೇನೂ ಮಾಡಲಾಗದು. ಶುರುವಿನಲ್ಲೇ "ಕಣ್ಣಿಗೆ ಹಿತವಾಗಲೆಂದು ಹಾಕಿರುವ ಹಳದಿ ಪರದೆ ತೆಗೆಯಿರಿ" ಎಂದು ಹೇಳಿ. ಬಣ್ಣವೇ ಮುಖ್ಯವಾದ ಕಾರ್ಯಾಗಾರಕ್ಕೆ ಬಟ್ಟೆಯ ತುಂಡು, ಕಾಗದದ ಮಾದರಿಗಳನ್ನು ವಾರ ಮೊದಲೇ ಅಂಚೆಯಲ್ಲಿ ಕಳಿಸಿ. ಮೂವತ್ತು ನಲವತ್ತು ಜನರ ಗುಂಪಿಗೆ ಇದು ಭಾರೀ ಖರ್ಚೇನಲ್ಲ, ಮತ್ತು ಲಕೋಟೆ ಕೈಗೆ ಬಂದವರು ಕಾರ್ಯಕ್ರಮ ತಪ್ಪಿಸುವುದಿಲ್ಲ.

ಆ್ಯನಿಮೇಷನ್ ತೋರಿಸಿದರೆ ತಡವರಿಸುತ್ತದೆ, ಯಾಕೆ?

ಝೂಮ್‌ನಲ್ಲಿ ಪರದೆ ಹಂಚುವಾಗ ವಿಡಿಯೊಗೆಂದೇ ಒಂದು ಗುರುತು ಹಾಕುವ ಆಯ್ಕೆಯಿದೆ, ಸದ್ದು ಹಂಚುವ ಆಯ್ಕೆಯ ಪಕ್ಕದಲ್ಲೇ. ಚಲಿಸುವುದನ್ನು ತೋರಿಸುವಾಗ ಅದನ್ನು ಹಾಕಿ, ನಿಂತ ಚಿತ್ರ ಮತ್ತು ಅಕ್ಷರಗಳಿಗೆ ತೆಗೆಯಿರಿ. ಹಾಕಿಯೇ ಬಿಟ್ಟರೆ ಚಲನೆ ನುಣುಪಾಗುತ್ತದೆ, ಅಕ್ಷರ ಮಬ್ಬಾಗುತ್ತದೆ.

ಸ್ಲೈಡ್‌ನಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು?

ಲೆಕ್ಕ ಹಾಕೋಣ. ಮೊಬೈಲನ್ನು ನಿಲ್ಲಿಸಿ ಹಿಡಿದರೆ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ನಿಮ್ಮ 1920 ಪಿಕ್ಸೆಲ್ ಅಗಲದ ಸ್ಲೈಡು ಅಷ್ಟರೊಳಗೆ ಕುಗ್ಗಬೇಕು. 24 ಪಿಕ್ಸೆಲ್‌ನ ಅಕ್ಷರ ಅಲ್ಲಿ 1 ಮಿಲಿಮೀಟರ್ ಕೂಡ ಇರುವುದಿಲ್ಲ. 64 ಪಿಕ್ಸೆಲ್ ಇಟ್ಟರೆ 2.3 ಮಿಲಿಮೀಟರ್. ಆ ಎತ್ತರದಲ್ಲೇ ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಎರಡಕ್ಕೂ ಜಾಗ ಹೋಗುವುದರಿಂದ ಕನ್ನಡದ ಮೂಲ ಅಕ್ಷರ ಇಂಗ್ಲಿಷಿಗಿಂತ ಚಿಕ್ಕದಾಗಿಯೇ ಕಾಣುತ್ತದೆ. ಆದ್ದರಿಂದ ಕನ್ನಡಕ್ಕೆ 64ಕ್ಕಿಂತ ಕಡಿಮೆ ಬೇಡ. ಒಂದು ಸ್ಲೈಡಿಗೆ ಆರು ಸಾಲು ಹಿಡಿಯುವುದೇ ಕಷ್ಟವಾಗುತ್ತದೆ. ಒಳ್ಳೆಯದೇ ಆಯಿತು.

ಬೆಂಗಳೂರಿನ ಸ್ಟುಡಿಯೊಗಳಲ್ಲಿ 27 ಇಂಚಿನ ಮಾನಿಟರ್ ಮುಂದೆ ಕೂತು ಸ್ಲೈಡ್ ಮಾಡುವವರು ಈ ಲೆಕ್ಕವನ್ನು ನಂಬುವುದಿಲ್ಲ. ಸ್ಲೈಡನ್ನು ಪಿಡಿಎಫ್ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು, ಬಸ್ಸಿನಲ್ಲಿ ಕೂತು ನೋಡಲು ಹೇಳಿ.

ಕನ್ನಡ ಅಕ್ಷರ ಒಡೆದು ಕಾಣುತ್ತದೆ. ತಂತ್ರಾಂಶದ ದೋಷವೇ?

ಎರಡು ಬೇರೆ ಬೇರೆ ಕಾಯಿಲೆಗಳಿವೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಚಾಟ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ ಬರುತ್ತದೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು. ಎರಡನೆಯದು, ಫಾಂಟ್ ಯುನಿಕೋಡ್ ಆಗಿದ್ದರೂ ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುವುದು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ.

ಭಾಷಣಕಾರರ ಹೆಸರು ತೋರಿಸುವ ಕೆಳಪಟ್ಟಿಯದ್ದು ಬೇರೆಯೇ ಗೋಳು. ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಹೆಸರಿನ ಅಳತೆಗೆ ಕತ್ತರಿಸಿರುತ್ತಾರೆ. "ಕೃಷ್ಣಮೂರ್ತಿ" ಎಂದು ಬರೆದರೆ ಷಕಾರದ ಕೆಳಗಿನ ಣ ಒತ್ತು ಅರ್ಧಕ್ಕೇ ತುಂಡಾಗಿರುತ್ತದೆ. ಪಟ್ಟಿಯ ಅಳತೆ ತೆಗೆಯುವಾಗ "ಸ್ತ್ರೀ" ಎಂಬ ಅಕ್ಷರ ಹಾಕಿ ನೋಡಿ, ಅದು ಹಿಡಿಸಿದರೆ ಮಿಕ್ಕದ್ದೆಲ್ಲ ಹಿಡಿಸುತ್ತದೆ. ಲೈವ್ ಕಳಿಸಲು ಬಳಸುವ ಓಬಿಎಸ್ ತಂತ್ರಾಂಶದಲ್ಲಿ ಕನ್ನಡ ಅಕ್ಷರ ಹಟ ಹಿಡಿದರೆ ಅದರ ಜೊತೆ ಗುದ್ದಾಡಬೇಡಿ, ಹೆಸರನ್ನು ಚಿತ್ರವಾಗಿ ಮಾಡಿಟ್ಟುಕೊಂಡು ಹಾಕಿ. ಫಾಂಟ್ ಯಾವುದು ಎಂದು ಕೇಳುವವರಿಗೆ: ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ, ನಾಲ್ಕೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಚಿಕ್ಕ ಪರದೆಗೆ ನಾನು ಅನೇಕ್ ಆರಿಸುತ್ತೇನೆ, ಅದರಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದ ಹಾಗೆ ಹಿಗ್ಗಿಸಿ ಕುಗ್ಗಿಸಬಹುದು.

ಕುಶಲಕರ್ಮಿಗಳನ್ನು ಕರೆಸಿ ಕೆಲಸ ತೋರಿಸಬೇಕೆಂದಿದ್ದೇವೆ. ಹೇಗೆ?

ಇದಕ್ಕಿಂತ ಒಳ್ಳೆಯ ಕಾರ್ಯಕ್ರಮವಿಲ್ಲ, ಇದಕ್ಕಿಂತ ಬೇಗ ಕೆಡುವ ಕಾರ್ಯಕ್ರಮವೂ ಇಲ್ಲ.

ಚನ್ನಪಟ್ಟಣದ ಗೊಂಬೆ ಕೆಲಸವನ್ನೇ ತೆಗೆದುಕೊಳ್ಳಿ. ತಿರುಗುವ ಲೇತ್‌ಗೆ ಆಲೆ ಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು ಆಕಾರ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಎಲೆಯ ಗರಿ ಹಿಡಿದು ಹೊಳಪು ಕೊಡುತ್ತಾರೆ. ಮಂಕಾಗಿದ್ದ ಬಣ್ಣ ಕನ್ನಡಿಯಾಗುವುದು ಕೆಲವೇ ಸೆಕೆಂಡುಗಳಲ್ಲಿ. ಇಡೀ ಕಾರ್ಯಕ್ರಮದ ಜೀವ ಆ ಸೆಕೆಂಡುಗಳು. ನಮ್ಮ ಮೊದಲ ಪ್ರಯತ್ನದಲ್ಲಿ ಕ್ಯಾಮೆರಾ ಕುಶಲಕರ್ಮಿಯ ಮುಖದ ಮೇಲಿತ್ತು. ಅವರು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದುದರಿಂದ ಎಲ್ಲರೂ ಅವರ ನೆತ್ತಿ ನೋಡಿದೆವು.

ಎರಡು ಮೊಬೈಲ್ ಬೇಕು. ಒಂದು ಮುಖಕ್ಕೆ, ಒಂದು ಕೈಗೆ. ಕೈಯದ್ದು ಕೆಲಸ ಮಾಡುವವರ ಬಲ ಭುಜದ ಮೇಲಿನಿಂದ ಅಥವಾ ಎಡ ಭುಜದ ಮೇಲಿನಿಂದ ಕೆಳಗೆ ನೋಡಬೇಕು. ಆಗ ನೋಡುವವರಿಗೆ ತಮ್ಮದೇ ಕೈ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಎದುರಿನಿಂದ ಹಿಡಿದರೆ ಎಡ ಬಲ ಅದಲುಬದಲು, ಕಲಿಯುವವರು ಗೊಂದಲಕ್ಕೆ ಬೀಳುತ್ತಾರೆ. ಫೋಕಸ್ ಬೀಗ ಹಾಕಿಡಿ, ಇಲ್ಲದಿದ್ದರೆ ಪ್ರತಿ ಸಲ ಕೈ ಆಡಿದಾಗಲೂ ಚಿತ್ರ ಉಸಿರಾಡುತ್ತದೆ.

ಸದ್ದಿನ ವಿಷಯ ಯಾರಿಗೂ ಮೊದಲು ಹೊಳೆಯುವುದಿಲ್ಲ. ಝೂಮ್, ಮೀಟ್‌ಗಳು ಮನುಷ್ಯರ ಮಾತನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಗದ್ದಲ ಎಂದು ತಿಳಿದು ಅಳಿಸುತ್ತವೆ. ಲೇತಿನ ಸದ್ದು, ಮಗ್ಗದ ಲಾಳಿ ಓಡುವ ಸದ್ದು, ಬಿದರಿಯಲ್ಲಿ ಬೆಳ್ಳಿ ತಂತಿ ಕೂರಿಸುವ ಸುತ್ತಿಗೆಯ ಟಕಟಕ, ಎಲ್ಲವೂ ಮಾಯ. ಜೊತೆಗೆ ಅದರ ನಡುವೆ ಆಡಿದ ಮಾತೂ ಚೂರು ಚೂರಾಗುತ್ತದೆ. ಝೂಮ್‌ನಲ್ಲಿ ಸಂಗೀತಗಾರರಿಗಾಗಿ ಇಟ್ಟಿರುವ ಒರಿಜಿನಲ್ ಸೌಂಡ್ ಆನ್ ಮಾಡಿ, ಮಾತಿಗೆ ಕಾಲರ್ ಮೈಕ್ ಕೊಡಿ.

ಕಸೂತಿ ತೋರಿಸುವುದಾದರೆ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸಲು ಹೇಳಿ. ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ಥರ ಇರುತ್ತವೆ, ಗಂಟು ಎಲ್ಲೂ ಕಾಣದು. ಹೊಲಿಯುವವರಿಗೆ ಅದು ದಿನದ ಮಾತು, ತಾವಾಗಿ ತೋರಿಸುವುದಿಲ್ಲ. ನೋಡುವವರು ಬೆರಗಾಗುವುದು ಅಲ್ಲೇ.

ಕೊನೆಯದಾಗಿ ಸಂಭಾವನೆ. ಪ್ರಾಧ್ಯಾಪಕರಿಗೆ ಗೌರವಧನ, ಕುಶಲಕರ್ಮಿಗೆ "ಒಳ್ಳೆ ಪ್ರಚಾರ ಸಿಗುತ್ತೆ" ಎನ್ನುವ ಪದ್ಧತಿ ನಾಚಿಕೆಗೇಡು. ಆ ದಿನ ಅವರ ಕೆಲಸ ನಿಂತಿರುತ್ತದೆ. ಇಬ್ಬರಿಗೂ ಒಂದೇ ಮೊತ್ತ ಕೊಡಿ, ಅದೇ ದಿನ ಕೊಡಿ.

ನೆಟ್ ಅಥವಾ ಕರೆಂಟ್ ಹೋದರೆ?

ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ವೈಫೈ ರೌಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿಡಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ನೆಟ್ ಪರೀಕ್ಷಿಸುವಾಗ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ. ನಡೆಸುವವರಿಗೆ ಬೇಕಾದದ್ದು ಅಪ್‌ಲೋಡ್ ವೇಗ. ಭಾಷಣಕಾರರ ಸ್ಲೈಡುಗಳ ಒಂದು ಪ್ರತಿ ನಿರೂಪಕರ ಬಳಿಯೂ ಇರಲಿ. ಆಗ ಅವರ ವಿಡಿಯೊ ನಿಂತರೂ ಫೋನ್ ಕರೆಯಲ್ಲಿ ಅವರ ಮಾತು, ಪರದೆಯಲ್ಲಿ ನಿಮ್ಮ ಸ್ಲೈಡು, ಕಾರ್ಯಕ್ರಮ ಸಾಗುತ್ತದೆ.

ಒಬ್ಬನೇ ನಡೆಸಬಹುದೇ?

ಮೂವರು ಬೇಕು. ಮಾತಾಡಿಸುವವರು ಒಬ್ಬರು, ಒಳಗೆ ಬಿಡುವುದು, ಮ್ಯೂಟ್ ಮಾಡುವುದು, ರೆಕಾರ್ಡಿಂಗ್ ನೋಡಿಕೊಳ್ಳುವವರು ಇನ್ನೊಬ್ಬರು. ಮೂರನೆಯವರದು ವಿಚಿತ್ರ ಕೆಲಸ: ಅವರು ಬೇರೆ ಮನೆಯಲ್ಲಿ, ಮೊಬೈಲ್ ಡೇಟಾದಲ್ಲಿ, ಸಾಮಾನ್ಯ ಸಭಿಕರಂತೆ ಒಳಗೆ ಬಂದು ಕೂರಬೇಕು. "ಅಕ್ಷರ ಓದಕ್ಕಾಗ್ತಿಲ್ಲ", "ಸದ್ದು ಗುಂಯ್ ಅಂತಿದೆ" ಎಂದು ವಾಟ್ಸ್ಆ್ಯಪ್ ಮಾಡುವುದಷ್ಟೇ ಅವರ ಪಾಲು. ನಮ್ಮ ತಂಡದಲ್ಲಿ ಎಲ್ಲರೂ ಜಗಳವಾಡಿ ಕೇಳಿಕೊಳ್ಳುವ ಹುದ್ದೆ ಇದು, ಕಾಫಿ ಕುಡಿಯುತ್ತ ಮಾಡಬಹುದು.

ಪೋರ್ಟ್‌ಫೋಲಿಯೊ ನೋಡಿ ಅಭಿಪ್ರಾಯ ಹೇಳುವ ಕಾರ್ಯಕ್ರಮ ಆನ್‌ಲೈನ್‌ನಲ್ಲಿ ಆಗುತ್ತದೆಯೇ?

ಹಾಲ್‌ಗಿಂತ ಚೆನ್ನಾಗಿ ಆಗುತ್ತದೆ. ಬೇರೆಯವರ ಎದುರು ಬೈಸಿಕೊಳ್ಳುವ ಭಯವಿಲ್ಲ. ಬ್ರೇಕ್‌ಔಟ್ ರೂಮಿನಲ್ಲಿ (ಸಭೆಯೊಳಗೇ ತೆರೆಯುವ ಪುಟ್ಟ ಕೋಣೆ) ಒಬ್ಬ ಹಿರಿಯರು, ಒಬ್ಬ ವಿದ್ಯಾರ್ಥಿ, 15 ನಿಮಿಷ. ವಿದ್ಯಾರ್ಥಿಗಳು ಮೂರೇ ಕೆಲಸಗಳನ್ನು ಎರಡು ದಿನ ಮೊದಲೇ ಕಳಿಸಿರಬೇಕು. ಹದಿನೈದರಲ್ಲಿ ಎಂಟು ನಿಮಿಷ ಡ್ರೈವ್ ಲಿಂಕಿಗೆ ಅನುಮತಿ ಕೊಡುವುದರಲ್ಲೇ ಹೋದದ್ದನ್ನು ಕಂಡಿದ್ದೇವೆ. ಹಿರಿಯರಿಗೂ ಒಂದು ಮಾತು ಹೇಳಿಡಿ: "ಚೆನ್ನಾಗಿದೆ ಕಣಮ್ಮ" ಅಂದರೆ ಆ ಹುಡುಗಿಗೆ ಏನೂ ಸಿಕ್ಕಂತಾಗಲಿಲ್ಲ, ಬದಲಾಯಿಸಬೇಕಾದ ಒಂದನ್ನಾದರೂ ಬೆರಳಿಟ್ಟು ತೋರಿಸಿ.

ಆನ್‌ಲೈನ್ ಡಿಸೈನ್ ತಂತ್ರಾಂಶ ಫಿಗ್ಮಾದಲ್ಲಿ ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡುವ ಕಾರ್ಯಾಗಾರ?

ಇಪ್ಪತ್ತು ಜನ ಮೀರಿದರೆ ಒಂದೇ ಫೈಲಿನಲ್ಲಿ ಬಿಡಬೇಡಿ. ಬಾಣದ ಗುರುತುಗಳು ಇರುವೆಗಳಂತೆ ಮುತ್ತಿಕೊಂಡು ಯಾರ ಕೆಲಸ ಯಾರು ಎಳೆದೊಯ್ದರೋ ತಿಳಿಯದು. ಐದೈದು ಜನಕ್ಕೆ ಒಂದು ಫೈಲ್ ಮಾಡಿ. ಮೊಬೈಲ್ ಮಾತ್ರ ಇರುವವರು ಪ್ರತಿ ಸಲವೂ ಇರುತ್ತಾರೆ, ಅವರಿಗೆ ಕಾಗದ ಪೆನ್ಸಿಲಿನಲ್ಲಿ ಮಾಡಬಹುದಾದ ಅದೇ ಅಭ್ಯಾಸ ಕೊಟ್ಟು, ಫೋಟೊ ತೆಗೆದು ಕಳಿಸಲು ಹೇಳಿ. ಎಷ್ಟೋ ಸಲ ಒಳ್ಳೆಯ ಯೋಚನೆ ಬಂದದ್ದು ಆ ಕಾಗದಗಳಿಂದಲೇ.

ಇನ್ನೂ ಬಿಡುಗಡೆಯಾಗದ ಉತ್ಪನ್ನದ ವಿನ್ಯಾಸ ತೋರಿಸಬಹುದೇ?

ನಿಲ್ಲಿ. ಇದನ್ನು ಎರಡು ಸಲ ಓದಿ.

ನಮ್ಮ ದೇಶದ 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ಅರ್ಜಿ ಹಾಕುವ ಮೊದಲೇ ಜಗತ್ತಿನ ಎಲ್ಲಾದರೂ ಸಾರ್ವಜನಿಕವಾಗಿ ಬಹಿರಂಗವಾದ ವಿನ್ಯಾಸ ನೋಂದಣಿಗೆ ಅರ್ಹವಲ್ಲ. ಕುರ್ಚಿಯ ಆಕಾರವಿರಲಿ, ಬಾಟಲಿಯದಿರಲಿ, ಬಟ್ಟೆಯ ಮೇಲಿನ ವಿನ್ಯಾಸವಿರಲಿ. ಯಾರು ಬೇಕಾದರೂ ಬರಬಹುದಾದ ಲೈವ್‌ನಲ್ಲಿ ತೋರಿಸಿ, ಅದು ಯೂಟ್ಯೂಬ್‌ನಲ್ಲಿ ಉಳಿದರೆ, ನಿಮ್ಮ ಹೊಸತನಕ್ಕೆ ನೀವೇ ತಾರೀಖಿನ ಸಮೇತ ಕಲ್ಲು ಹಾಕಿಕೊಂಡ ಹಾಗೆ. ಪ್ರದರ್ಶನಗಳಿಗೆ ಕಾಯ್ದೆಯಲ್ಲಿ ಆರು ತಿಂಗಳ ಒಂದು ವಿನಾಯಿತಿ ಇದೆ ನಿಜ, ಆದರೆ ಅದು ಕೇಂದ್ರ ಸರಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ, ಅದೂ ಮೊದಲೇ ಸೂಚನೆ ಕೊಟ್ಟವರಿಗೆ. ನಮ್ಮ ನಿಮ್ಮ ಝೂಮ್ ಕೂಟಕ್ಕಲ್ಲ.

ನೋಂದಣಿಯಾದರೆ 10 ವರ್ಷ ರಕ್ಷಣೆ, ಇನ್ನೂ 5 ವರ್ಷ ವಿಸ್ತರಿಸಬಹುದು. ಅರ್ಜಿ ಕೋಲ್ಕತ್ತದ ಪೇಟೆಂಟ್ ಕಚೇರಿಗೆ ಹೋಗುತ್ತದೆ, ಆನ್‌ಲೈನ್‌ನಲ್ಲೇ ಹಾಕಬಹುದು. ಅರ್ಜಿ ಹಾಕಿ, ದಿನಾಂಕ ಸಿಕ್ಕಿದ ಮೇಲೆ ಎಷ್ಟು ಬೇಕಾದರೂ ತೋರಿಸಿ. ವಿದ್ಯಾರ್ಥಿಗಳ ಪದವಿ ಪ್ರದರ್ಶನ ಆನ್‌ಲೈನ್ ಮಾಡುವ ಕಾಲೇಜುಗಳು ಇದನ್ನು ಯಾರಿಗೂ ಹೇಳುವುದಿಲ್ಲ ಎನ್ನುವುದು ನನ್ನ ಹಳೆಯ ಸಿಟ್ಟು. ಪದವಿಯ ಸಂಭ್ರಮದಲ್ಲಿ ಮಕ್ಕಳು ತಮ್ಮ ಅತ್ಯುತ್ತಮ ಕೆಲಸವನ್ನು ಬೀದಿಗಿಟ್ಟುಬಿಡುತ್ತಾರೆ.

ರೆಕಾರ್ಡ್ ಮಾಡಿ ಹಾಕಬಹುದೇ?

ಕೇಳಿ ಹಾಕಿ. ಬಾಯಿಮಾತಿಗಿಂತ ನೋಂದಣಿ ಫಾರ್ಮ್‌ನಲ್ಲೇ ಒಂದು ಸಾಲು ಒಪ್ಪಿಗೆ ತೆಗೆದುಕೊಳ್ಳುವುದು ಲೇಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೆಸರು, ಫೋನ್ ನಂಬರ್ ಯಾಕೆ ಪಡೆಯುತ್ತಿದ್ದೀರಿ ಎಂದೂ ಹೇಳಬೇಕು. ಭಾಷಣಕಾರರು ತೋರಿಸಿದ ಕ್ಲೈಂಟ್ ಕೆಲಸಕ್ಕೆ ಅವರ ಕಂಪನಿಯ ಅನುಮತಿ ಇದೆಯೋ ಇಲ್ಲವೋ ಅದನ್ನೂ ವಿಚಾರಿಸಿ. ಶುರುವಿನಲ್ಲಿ ಸಿನಿಮಾ ಹಾಡು ಹಾಕಬೇಡಿ, ಯೂಟ್ಯೂಬ್ ತಕ್ಷಣ ಹಿಡಿಯುತ್ತದೆ.

ಇನ್ನೂರು ಜನ ಹೆಸರು ಕೊಟ್ಟು ಅರವತ್ತು ಜನ ಬಂದರು. ಎಲ್ಲಿ ತಪ್ಪಿದೆವು?

ಎಲ್ಲೂ ತಪ್ಪಿಲ್ಲ, ಉಚಿತ ಕಾರ್ಯಕ್ರಮಕ್ಕೆ ಅದು ಒಳ್ಳೆಯ ಹಾಜರಿಯೇ. ನೂರು ರೂಪಾಯಿ ಟಿಕೆಟ್ ಇಟ್ಟ ದಿನ ಎಪ್ಪತ್ತು ಜನ ಹೆಸರು ಕೊಟ್ಟು ಅರವತ್ತು ಜನ ಬಂದರು. ಬಂದವರ ಸಂಖ್ಯೆ ಅಷ್ಟೇ, ಕೊನೆಯವರೆಗೆ ಕೂತವರು ಹೆಚ್ಚು. ವಿದ್ಯಾರ್ಥಿಗಳಿಗೆ, ಕುಶಲಕರ್ಮಿಗಳಿಗೆ ಉಚಿತ ಬಿಡಿ. ನೆನಪೋಲೆಯನ್ನು ಹಿಂದಿನ ದಿನ ಒಂದು, ಅರ್ಧ ಗಂಟೆ ಮೊದಲು ಒಂದು ಕಳಿಸಿ. ಎರಡನೆಯದರಲ್ಲಿ ಲಿಂಕ್ ಬಿಟ್ಟು ಬೇರೇನೂ ಇರಬಾರದು.

ತೆರಿಗೆ?

ಸೇವೆಗಳಿಂದ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದ ಸಂಘಟಕರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಭಾಷಣಕಾರರ ಶುಲ್ಕದ ಮೇಲೆ ಟಿಡಿಎಸ್ ಹಿಡಿಯಬೇಕೇ ಎಂಬುದು ಮೊತ್ತ ಮತ್ತು ನಿಮ್ಮ ಸಂಸ್ಥೆಯ ರೂಪದ ಮೇಲೆ ನಿಂತಿದೆ, ಆಡಿಟರನ್ನು ಕೇಳಿ.

ಕನ್ನಡದಲ್ಲೇ ನಡೆಸಿದರೆ ಜನ ಬರುತ್ತಾರಾ? ಡಿಸೈನ್ ಪದಗಳಿಗೆಲ್ಲ ಕನ್ನಡ ಎಲ್ಲಿದೆ?

ಬರುತ್ತಾರೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಮುದ್ರಣಾಲಯಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ ದಿನವಿಡೀ ಕೋರಲ್‌ಡ್ರಾ ಮುಂದೆ ಕೂರುವವರು ಡಿಸೈನರ್‌ಗಳೇ. ಇಂಗ್ಲಿಷ್ ಪೋಸ್ಟರ್ ನೋಡಿ ಇದು ತಮಗಲ್ಲ ಎಂದುಕೊಂಡಿರುತ್ತಾರೆ ಅಷ್ಟೇ. ಪದಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಲೇಯರ್, ಗ್ರಿಡ್, ಫಾಂಟ್ ಎಂದೇ ಹೇಳಿ. "ವಿನ್ಯಾಸ ಜಾಲಕ" ಎಂದು ಹೇಳಿ ಆಮೇಲೆ "ಅಂದರೆ ಗ್ರಿಡ್" ಎಂದು ವಿವರಿಸುವುದಕ್ಕಿಂತ ಅದು ವಾಸಿ.

ಕಿವಿ ಕೇಳದವರು, ಕಣ್ಣು ಕಾಣದವರು ಬಂದರೆ?

ಸನ್ನೆ ಭಾಷೆಯ ಅನುವಾದಕರನ್ನು ಕರೆಸಿದರೆ ಅವರ ಚೌಕ ಸದಾ ಪರದೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ, ಸ್ಲೈಡುಗಳನ್ನು ಮೊದಲೇ ಅವರಿಗೆ ಕೊಡಿ. ಸ್ಲೈಡಿನ ಅಕ್ಷರಕ್ಕೂ ಹಿನ್ನೆಲೆಗೂ ಕಡಿಮೆಯೆಂದರೆ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಲಿ. ಭಾಷಣಕಾರರು "ಇಲ್ಲಿ ನೋಡಿ, ಇದು ಹೀಗಿದೆ" ಎನ್ನುವ ಬದಲು "ಎಡ ಮೂಲೆಯ ಹಳದಿ ವೃತ್ತ" ಎನ್ನುವುದನ್ನು ಅಭ್ಯಾಸ ಮಾಡಲಿ. ಇದರಿಂದ ಬಸ್ಸಿನಲ್ಲಿ ಕಿವಿಗಷ್ಟೇ ಸಿಕ್ಕಿಸಿಕೊಂಡು ಕೇಳುವವರಿಗೂ ಉಪಕಾರ.

ಮುಗಿದ ತಕ್ಷಣ ಲಿಂಕ್ ಮುಚ್ಚಬೇಕೇ?

ಬೇಡ. ವಂದನಾರ್ಪಣೆ ಮುಗಿಸಿ, ರೆಕಾರ್ಡಿಂಗ್ ನಿಲ್ಲಿಸಿ, "ಇನ್ನು ಅರ್ಧ ಗಂಟೆ ಹೀಗೇ ಇರ್ತೀವಿ, ಮಾತಾಡೋರು ಉಳೀರಿ" ಎಂದು ಹೇಳಿ ಎಲ್ಲರ ಮೈಕ್ ತೆರೆದುಬಿಡಿ. ಹತ್ತು ಹನ್ನೆರಡು ಜನ ಉಳಿಯುತ್ತಾರೆ. ಅಕ್ಷರ ವಿನ್ಯಾಸದ ಕಾರ್ಯಕ್ರಮವೊಂದು ಮುಗಿದ ಮೇಲೆ, ಅಷ್ಟು ಹೊತ್ತೂ ಕ್ಯಾಮೆರಾ ಆಫ್ ಮಾಡಿ ಕೂತಿದ್ದ ಹಿರಿಯರೊಬ್ಬರು ಮೈಕ್ ಆನ್ ಮಾಡಿ, "ನಂದೂ ಒಂದೆರಡು ಅಕ್ಷರ ಇವೆ ಸಾರ್, ತೋರಿಸ್ಲಾ?" ಅಂದರು. ಮೊಬೈಲನ್ನು ಅಂಗಳಕ್ಕೆ ಒಯ್ದರು. ಗೋಡೆಗೆ ಒರಗಿಸಿಟ್ಟ ತಗಡಿನ ಬೋರ್ಡುಗಳು: ಕಿರಾಣಿ ಅಂಗಡಿ, ಸೈಕಲ್ ಶಾಪು, ಖಾನಾವಳಿ. ಎಲ್ಲ ಕುಂಚದಲ್ಲಿ ಬರೆದದ್ದು, ಅಂಚಿಗೆ ಕೆಂಪು ನೆರಳು. ಮುಂದಿನ ತಿಂಗಳ ಭಾಷಣಕಾರರು ಅವರೇ ಆದರು.